ಕ್ರಮಸಂಖ್ಯೆ ನಲವತ್ತೇಳು: ಕಲ್ಲು, ಒಂದು

ನಾವು ಪಾಠ ಮಾಡುತ್ತಿದ್ದ ಚರಿತ್ರೆ ಪುಸ್ತಕದಲ್ಲಿ ಹಳೇಬೀಡಿಗೆ ಸಿಕ್ಕಿದ್ದು ಒಂದೇ ಒಂದು ವಾಕ್ಯ. ‘ಅನಂತರ ಸುಲ್ತಾನನ ಸೈನ್ಯವು ದಕ್ಷಿಣಕ್ಕೆ ಸಾಗಿ ದ್ವಾರಸಮುದ್ರವನ್ನು ಮುತ್ತಿ ಅಪಾರ ಸಂಪತ್ತನ್ನು ಪಡೆಯಿತು.’ ಈ ವಾಕ್ಯಕ್ಕೆ ಮುಂಚೆ ದೆಹಲಿಯ ಪೇಟೆಯಲ್ಲಿ ಗೋಧಿ ಏನು ಬೆಲೆಗೆ ಮಾರಾಟವಾಗುತ್ತಿತ್ತು ಎಂದು ಎರಡು ಪುಟ. ಆದ ಮೇಲೆ ಸುಲ್ತಾನನ ಕುದುರೆಗಳಿಗೆ ಹೇಗೆ ಬರೆ ಹಾಕಿ ಗುರುತು ಮಾಡುತ್ತಿದ್ದರು ಎಂದು ಒಂದು ಪುಟ. ಕುದುರೆಗಳಿಗೆ ಪುಟ, ನಮಗೆ ವಾಕ್ಯ.

೧೯೬೧ರ ಜುಲೈನಲ್ಲಿ ಹುಣಸೇಕಟ್ಟೆ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿ ನಾನು ಈ ವಾಕ್ಯ ಓದಿ, ಪುಸ್ತಕ ಕೆಳಗಿಟ್ಟು, "ದ್ವಾರಸಮುದ್ರ ಎಲ್ಲಿದೆ?" ಎಂದು ಕೇಳಿದೆ. ಹುಣಸೇಕಟ್ಟೆ ಇರುವುದು ಜಾವಗಲ್ ರಸ್ತೆಯಲ್ಲಿ, ಹಳೇಬೀಡಿನಿಂದ ಎರಡೇ ಮೈಲಿ. ಇಪ್ಪತ್ತಾರು ಮಕ್ಕಳಲ್ಲಿ ಒಬ್ಬ ದೆಹಲಿಯ ಹತ್ತಿರ ಎಂದ. ಇನ್ನೊಬ್ಬ ಗುಜರಾತು ಎಂದ. ಕ್ಲಾಸ್ ಲೀಡರ್ ಮರಿಯಣ್ಣ ಎದ್ದು ನಿಂತು, "ಅದು ಪುಸ್ತಕದಾಗೆ ಕೊಟ್ಟಿಲ್ಲ ಮಿಸ್" ಎಂದು ನನಗೇ ಸಮಾಧಾನ ಹೇಳಿದ.

ಈ ಮಕ್ಕಳು ವಾರಕ್ಕೊಂದು ಸಲ ಹಳೇಬೀಡಿನ ಸಂತೆಗೆ ಹೋಗುವವರು. ಆ ಕೆರೆಯಲ್ಲಿ ಎಮ್ಮೆಯ ಮೈ ತೊಳೆಯುವವರು. ದೇವಸ್ಥಾನದ ಜಗಲಿಯ ಮೇಲೆ ಕೂತು ಕಡಲೆಕಾಯಿ ತಿಂದು ಸಿಪ್ಪೆಯನ್ನು ಅಲ್ಲೇ ಬಿಟ್ಟು ಬರುವವರು. ನಾನು ಇಪ್ಪತ್ತಾರು ಜನರನ್ನೂ ಎಬ್ಬಿಸಿಕೊಂಡು ಶಾಲೆಯ ಹಿಂದಿನ ದಿಬ್ಬ ಹತ್ತಿಸಿದೆ. ಅಲ್ಲಿಂದ ಕೆರೆ ಚೆನ್ನಾಗಿ ಕಾಣುತ್ತದೆ. "ನೋಡಿ, ಅದೇ ದ್ವಾರಸಮುದ್ರ" ಎಂದೆ. ಮಕ್ಕಳು ಬಹಳ ಹೊತ್ತು ನೋಡಿದರು. ಆಮೇಲೆ ಮರಿಯಣ್ಣ, "ಅದು ಹಳೇಬೀಡಲ್ವಾ ಮಿಸ್" ಎಂದ.

ನನಗೆ ಸಿಟ್ಟು ಬೇಗ ಬರುತ್ತದೆ. ನಮ್ಮಮ್ಮ ಇದನ್ನು ನನ್ನ ಮದುವೆಯ ಮಾತು ಬಂದಾಗಲೆಲ್ಲ ಬಂದವರಿಗೆ ಕೇಳದ ಹಾಗೆ ಅಡುಗೆಮನೆಯಲ್ಲಿ ಹೇಳುತ್ತಿದ್ದಳು. ನನ್ನ ಹೆಸರು ವೇದವಲ್ಲಿ. ನಮ್ಮದು ಬೇಲೂರಿನಲ್ಲಿ ದೇವಸ್ಥಾನದ ಸೇವೆಯಲ್ಲಿರುವ ಮನೆ. ಬಿ.ಎ., ಬಿ.ಟಿ. ಮುಗಿಸಿ, ದಿನವೂ ಬೆಳಗಿನ ಬಸ್ಸಿಗೆ ಬೇಲೂರಿನಿಂದ ಬಂದು ಸಂಜೆ ಬಸ್ಸಿಗೆ ಹಿಂತಿರುಗುತ್ತಿದ್ದೆ. ಆವತ್ತು ಸಂಜೆ ಬಸ್ಸಿನಲ್ಲಿ ಉದ್ದಕ್ಕೂ ಯಾರ ಮೇಲೆ ಸಿಟ್ಟಾಗಬೇಕು ಎಂದು ಯೋಚಿಸಿದೆ. ಮಕ್ಕಳ ತಪ್ಪಲ್ಲ. ಪುಸ್ತಕ ಬರೆದವರು ಕೈಗೆ ಸಿಗುವುದಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು.

ಮಾರನೆಯ ದಿನ ಎಲ್ಲರ ನೋಟ್‌ಪುಸ್ತಕ ತೆಗೆಸಿದೆ. ಇನ್ನು ಮೇಲೆ ಎಡಗಡೆ ಪುಟದಲ್ಲಿ ದೇಶ, ಬಲಗಡೆ ಪುಟದಲ್ಲಿ ನಮ್ಮ ಸೀಮೆ. ಎಡಗಡೆ ದೇಶಕ್ಕೆ ರೈಲು ಬಂದ ವರ್ಷ ಬರೆದರೆ ಬಲಗಡೆ ಅರಸೀಕೆರೆಗೆ ರೈಲು ಬಂದ ಸಂಗತಿ ಬರೆಯಬೇಕು, ಅದನ್ನು ಮೊದಲು ನೋಡಿದಾಗ ಯಾರ ತಾತ ಹೆದರಿ ಓಡಿದರು ಎಂಬುದನ್ನೂ ಸೇರಿಸಿ. ಬಲಗಡೆಯದನ್ನು ನಾನು ಬರೆಸುವುದಿಲ್ಲ. ಮನೆಯಲ್ಲಿ ಕೇಳಿ, ಹೊಲದಲ್ಲಿ ನೋಡಿ, ತಾವೇ ತರಬೇಕು.

ಹೆಡ್‌ಮಾಸ್ಟರ್ ಗೋಪಾಲಸ್ವಾಮಿಯವರಿಗೆ ಇದು ನಾಲ್ಕೇ ದಿನದಲ್ಲಿ ಗೊತ್ತಾಯಿತು. ನಿವೃತ್ತಿಗೆ ಎರಡು ವರ್ಷವಿದ್ದ ಅವರಿಗೆ ಪೋರ್ಷನ್ ಬಿಟ್ಟರೆ ಬೇರೆ ದೇವರಿರಲಿಲ್ಲ. "ಏನಮ್ಮಾ ವೇದವಲ್ಲಿ, ಪರೀಕ್ಷೆಯಲ್ಲಿ ಇವರ ತಾತ ಓಡಿದ್ದನ್ನ ಕೇಳ್ತಾರೇನಮ್ಮಾ?" ಎಂದರು. ಕೇಳುವುದಿಲ್ಲ ಸಾರ್ ಎಂದೆ. "ಮತ್ತೆ?" ಎಂದರು. ಆ ‘ಮತ್ತೆ’ಗೆ ಆ ವರ್ಷ ಪೂರ್ತಿ ನನಗೆ ಉತ್ತರ ಸಿಕ್ಕಲಿಲ್ಲ.

ಬಲಗಡೆ ಪುಟಕ್ಕೆ ಬಂದ ಸರಕೂ ತಾಳ್ಮೆ ಪರೀಕ್ಷೆ ಮಾಡುವಂಥದ್ದೇ. ‘ನಿಮ್ಮ ಮನೆಯಲ್ಲಿ ಅಥವಾ ಹೊಲದಲ್ಲಿ ಇರುವ ಅತ್ಯಂತ ಹಳೆಯ ವಸ್ತು ಯಾವುದು?’ ಎಂದು ಕೇಳಿದ್ದಕ್ಕೆ ಆರು ಮಕ್ಕಳು ‘ನಮ್ಮಜ್ಜಿ’ ಎಂದು ಬರೆದುಕೊಂಡು ಬಂದಿದ್ದರು. ಒಬ್ಬ ಅಂಗಡಿಯಿಂದ ಹೊಸದಾಗಿ ತಂದ ಲಾಟೀನಿನ ಚಿತ್ರ ಬರೆದಿದ್ದ. ಪುಸ್ತಕಗಳನ್ನು ತಿದ್ದುತ್ತಾ ತಲೆ ಚಚ್ಚಿಕೊಳ್ಳುವ ಹಾಗಾಗಿದ್ದಾಗ ಭಾಗಮ್ಮನ ಪುಸ್ತಕ ಕೈಗೆ ಬಂತು.

ಭಾಗಮ್ಮ ಹುಣಸೇಕಟ್ಟೆಯ ಹನುಮಯ್ಯನ ಮಗಳು. ಆ ಊರಿನಿಂದ ಎಸ್ಸೆಸ್ಸೆಲ್ಸಿವರೆಗೆ ಬಂದ ಮೊದಲನೇ ಹುಡುಗಿ. ಕ್ಲಾಸಿನಲ್ಲಿ ಬಾಯಿ ಬಿಡುವುದು ಅಪರೂಪ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಅವಳು ಬರೆದಿದ್ದಳು: ‘ನಮ್ಮ ಹೊಲದಲ್ಲಿ ಈರಪ್ಪನ ಕಲ್ಲು ಇದೆ. ಕಣದಲ್ಲಿ ರಾಶಿ ಆದ ಮೇಲೆ ಮೊದಲನೇ ಮೊರ ಹೊಸ ರಾಗಿಯನ್ನು ಈರಪ್ಪನ ಮುಂದೆ ಸುರಿದು, ಮುದ್ದೆ ಮಾಡಿ ಎಡೆ ಇಡುತ್ತೇವೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಹೊಸ ರಾಗಿ ತಿನ್ನುವುದಿಲ್ಲ. ಕಲ್ಲಿನ ಮೇಲೆ ಅಕ್ಷರ ಇದೆ. ಯಾವ ಭಾಷೆಯೋ ಗೊತ್ತಿಲ್ಲ.’

ಮುಂದಿನ ಭಾನುವಾರ ಅಪ್ಪನನ್ನು ಬಸ್ಸು ಹತ್ತಿಸಿಕೊಂಡು ಬಂದೆ. ಅವರ ಚಿಕ್ಕಂದಿನಲ್ಲಿ ಬೇಲೂರಿಗೆ ಶಾಸನ ಓದಲು ಬರುತ್ತಿದ್ದ ವಿದ್ವಾಂಸರಿಗೆ ದೀಪ ಹಿಡಿದು ಹಿಡಿದು ಹಳೆಯ ಅಕ್ಷರ ಗುರುತಿಸುವುದು ಅವರಿಗೆ ರೂಢಿಯಾಗಿತ್ತು. ಹನುಮಯ್ಯನ ಹೊಲದ ಬದುವಿನಲ್ಲಿ ಮೂರಡಿಯ ಕಲ್ಲು ಅರ್ಧ ಹೂತುಕೊಂಡು ನಿಂತಿತ್ತು. ಮೇಲಿನ ಎಡಮೂಲೆ ಯಾವ ಕಾಲದಲ್ಲೋ ಒಡೆದುಹೋಗಿತ್ತು. ಕೆಳಗೆ ಕತ್ತಿ ಎತ್ತಿದ ಒಬ್ಬ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ದೇವಕನ್ಯೆಯರು, ಮೇಲೆ ಲಿಂಗ. ಅಪ್ಪ ಸೀಮೆಸುಣ್ಣ ತಿಕ್ಕಿ, ಮಂಡಿಯೂರಿ, ಒಂದು ಗಂಟೆ ಓದಿದರು. ಅಲ್ಲಲ್ಲಿ ಅಕ್ಷರ ಸವೆದಿತ್ತು. ದೆಹಲಿಯ ದಂಡು ಬಂದು ದೋರಸಮುದ್ರವನ್ನು, ಅಂದರೆ ನಮ್ಮ ದ್ವಾರಸಮುದ್ರವನ್ನೇ, ಮುತ್ತಿದಾಗ ಈ ಊರಿನ ಬಮ್ಮೆಯ ಎಂಬವನು ಕಾದಾಡಿ ಬಿದ್ದ, ಅವನ ತಮ್ಮ ಕಲ್ಲು ನಿಲ್ಲಿಸಿದ ಎಂಬಷ್ಟು ಗೊತ್ತಾಯಿತು. ನನಗೆ ಕುಣಿದಾಡಬೇಕೆನ್ನಿಸಿತು. ಹೊಲದ ಬದುವಾದ್ದರಿಂದ ಕುಣಿಯಲಿಲ್ಲ.

ಸೋಮವಾರ ಎಡಗಡೆ ಪುಟದಲ್ಲಿ ಆ ಒಂದು ವಾಕ್ಯ ಬರೆಸಿದೆ. ಬಲಗಡೆ ಪುಟದಲ್ಲಿ ಬಮ್ಮೆಯನನ್ನು ಬರೆಸಿದೆ. ಎಂದೂ ಬಾಯಿ ಬಿಡದ ಭಾಗಮ್ಮ ಎದ್ದು ನಿಂತು, "ಹಂಗಾರೆ ಪುಸ್ತಕದಾಗೆ ಬರೋ ದಂಡು ನಮ್ಮ ಹೊಲಕ್ಕೆ ಬಂದಿತ್ತಾ ಮಿಸ್?" ಎಂದು ಕೇಳಿದಳು. ಬಂದಿತ್ತು ಕಣೇ ಎಂದೆ. ಅವಳು ಕೂತುಕೊಂಡು ಎಡಗಡೆ ಪುಟವನ್ನು ಒಮ್ಮೆ, ಬಲಗಡೆ ಪುಟವನ್ನು ಒಮ್ಮೆ ನೋಡುತ್ತಿದ್ದಳು. ನಾನು ಮೇಷ್ಟರ ಕೆಲಸಕ್ಕೆ ಸೇರಿದ್ದು ಸಾರ್ಥಕ ಎನ್ನಿಸಿದ ದಿನ ಅದೊಂದೇ. ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಜನವರಿಯಲ್ಲಿ ಇನ್‌ಸ್ಪೆಕ್ಷನ್ ಬಂತು. ಪ್ರತಿ ಹೈಸ್ಕೂಲಿನಲ್ಲೂ ಸಮಾಜ ಪಾಠಕ್ಕೆ ಒಂದು ಪ್ರತ್ಯೇಕ ಕೊಠಡಿ ಇರಬೇಕು, ಅದರಲ್ಲಿ ಪಾಠೋಪಕರಣಗಳಿರಬೇಕು ಎಂದು ಆ ವರ್ಷ ಸುತ್ತೋಲೆ ಬಂದಿತ್ತು. ನಮ್ಮಲ್ಲಿ ಇದ್ದದ್ದು ಒಂದು ಗ್ಲೋಬು, ಅದೂ ಅಚ್ಚಿನಿಂದ ಕಳಚಿದ್ದು, ಮತ್ತು ಪಾಕಿಸ್ತಾನವೇ ಇಲ್ಲದ ಒಂದು ಹಳೆಯ ಭೂಪಟ. ಗೋಪಾಲಸ್ವಾಮಿಯವರು ಎರಡು ದಿನ ಕೊಠಡಿಯೊಳಗೆ ಹೋಗಿ ಹೋಗಿ ಬಂದು, ಮೂರನೇ ದಿನ ನನ್ನನ್ನು ಕರೆದರು. ಆರು ತಿಂಗಳಿಂದ ಬಲಗಡೆ ಪುಟವನ್ನು ಬೈಯುತ್ತಿದ್ದವರು ಬಹಳ ಮೆತ್ತಗೆ, "ಆ ಕಲ್ಲು ಅಂದ್ಯಲ್ಲಮ್ಮಾ, ಅದನ್ನ ಎರಡು ದಿನದ ಮಟ್ಟಿಗೆ ಇಲ್ಲಿ ತಂದು ನಿಲ್ಲಿಸಿದರೆ ಹೇಗೆ?" ಎಂದರು.

ಬೇಡ ಸಾರ್ ಎನ್ನಬಹುದಾಗಿತ್ತು. ಆಗ ಹೇಳಬೇಕಾಗಿದ್ದದ್ದು ಎರಡು ಅಕ್ಷರದ ಮಾತು. ಆದರೆ ಇನ್‌ಸ್ಪೆಕ್ಟರ ಮುಂದೆ ನನ್ನ ಬಲಗಡೆ ಪುಟ ಎದ್ದು ನಿಲ್ಲುತ್ತದೆ ಎಂಬ ಆಸೆ ನನಗೂ ಇತ್ತು. ನಾನೇ ಹನುಮಯ್ಯನ ಮನೆಗೆ ಹೋಗಿ ಕೇಳಿದೆ.

ಹನುಮಯ್ಯ ತನ್ನ ತಾಯಿ ಹನುಮಕ್ಕನ ಮುಖ ನೋಡಿದ. ಮುದುಕಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಎಲ್ಡು ದಿನ ಅಂದ್ರೆ ಎಲ್ಡೇ ದಿನಾನಾ?" ಎಂದು ಕೇಳಿದಳು.

"ಎರಡೇ ದಿನ ಅಜ್ಜಿ."

"ಕಣ ಮಾಡ್ತಾವರೆ. ರಾಶಿ ಆಗೋ ಹೊತ್ಗೆ ಈರಪ್ಪ ಹೊಲದಾಗಿರ್ಬೇಕು."

"ಇರ್ತಾನೆ ಅಜ್ಜಿ. ನನ್ನ ಮಾತು."

"ನಮ್ಮ ಹುಡ್ಗಿಗೆ ಅಕ್ಸರ ಕಲಿಸ್ದೋರು ನೀವು. ನಿಮ್ಮಾತು ತಗೀಯಕ್ಕಾಯ್ತದಾ?" ಎಂದ ಹನುಮಯ್ಯ. ಮಾರನೆಯ ದಿನ ಪೂಜೆ ಮಾಡಿ, ಕಾಯಿ ಒಡೆದು, ಕಲ್ಲನ್ನು ಅಗೆದು, ತನ್ನ ಗಾಡಿಯಲ್ಲೇ ಹುಲ್ಲಿನ ಮೆತ್ತೆ ಹಾಸಿ ತಂದು ಇಳಿಸಿದ.

ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಗ್ಲೋಬನ್ನು ಮುಟ್ಟಿದರು, ಅದು ಉರುಳಿತು. ಕಲ್ಲಿನ ಮುಂದೆ ನಿಂತರು. ನಾನು ಬಮ್ಮೆಯನ ಕಥೆ ಹೇಳಿದೆ, ಭಾಗಮ್ಮನ ನೋಟ್‌ಪುಸ್ತಕ ತೋರಿಸಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. "ಸ್ಥಳೀಯ ಚರಿತ್ರೆಯನ್ನೂ ದೇಶದ ಚರಿತ್ರೆಯನ್ನೂ ಜೋಡಿಸಿ ಕಲಿಸೋದು ಅಂದರೆ ಹೀಗಿರಬೇಕು ಕಣ್ರೀ" ಎಂದರು. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, "ಇದು ಶಾಲೆಯದು ತಾನೇ? ಸ್ಟಾಕ್ ರಿಜಿಸ್ಟರ್‌ನಲ್ಲಿ ಎಲ್ಲಿದೆ ತೋರಿಸಿ" ಎಂದರು.

ಗೋಪಾಲಸ್ವಾಮಿಯವರು ರಿಜಿಸ್ಟರ್ ಎಳೆದುಕೊಂಡರು. ಮೂವತ್ತು ವರ್ಷದ ನೌಕರಿಯಲ್ಲಿ ರಿಜಿಸ್ಟರಿನಲ್ಲಿಲ್ಲದ ವಸ್ತು ಅವರ ಶಾಲೆಯಲ್ಲಿ ಸಿಕ್ಕಿದ್ದಿಲ್ಲ. "ಬರೆಯೋದು ಬಾಕಿ ಇದೆ ಸಾರ್, ಈಗಲೇ..." ಎನ್ನುತ್ತಾ ಸಾಹೇಬರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬರೆದೇಬಿಟ್ಟರು. ಕ್ರಮಸಂಖ್ಯೆ ನಲವತ್ತೈದು, ಗ್ಲೋಬು, ಒಂದು. ನಲವತ್ತಾರು, ಭೂಪಟ, ಒಂದು. ನಲವತ್ತೇಳು, ಕಲ್ಲು, ಕೆತ್ತನೆಯದು, ಒಂದು. ಸಾಹೇಬರು ಕೆಳಗೆ ಸಹಿ ಹಾಕಿದರು. ನನ್ನ ಬಗ್ಗೆ ಷರಾ ಪುಸ್ತಕದಲ್ಲಿ ‘ಶ್ಲಾಘನೀಯ’ ಎಂದು ಬರೆದರು. ನಾನು ಅಲ್ಲೇ ನಿಂತಿದ್ದೆ. ಇದು ಹನುಮಯ್ಯನವರ ಕಲ್ಲು ಸಾರ್, ನಾಳೆ ವಾಪಸ್ ಹೋಗುತ್ತದೆ ಎಂದು ಹೇಳಲು ಬಾಯಿ ತೆರೆದವಳು, ಆ ‘ಶ್ಲಾಘನೀಯ’ದ ಶಾಯಿ ಒಣಗಲಿ ಎಂದು ಮುಚ್ಚಿಕೊಂಡೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ದಿನ ಹನುಮಯ್ಯ ಗಾಡಿ ಕಟ್ಟಿಕೊಂಡು ಬಂದ. ಗೋಪಾಲಸ್ವಾಮಿಯವರು ಅವನಿಗೆ ರಿಜಿಸ್ಟರ್ ತೋರಿಸಿದರು. ಓದು ಬಾರದವನಿಗೆ ರಿಜಿಸ್ಟರ್ ತೋರಿಸಿ, "ನೋಡಪ್ಪಾ, ಸಾಹೇಬರ ಸಹಿ ಆಗಿದೆ. ಈಗ ಇದು ಸರ್ಕಾರದ್ದು. ಮೇಲಿನಿಂದ ಅಪ್ಪಣೆ ಬರದೆ ಒಂದು ಸೀಮೆಸುಣ್ಣವನ್ನೂ ಗೇಟಿನಾಚೆ ಕಳಿಸೋ ಹಾಗಿಲ್ಲ" ಎಂದರು.

"ಸ್ವಾಮಿ, ಇದನ್ನ ತಂದೋನು ನಾನೇ ಅಲ್ವಾ?"

"ನೀನೇ ತಂದದ್ದು. ಆದರೆ ಬರೆದಾಗಿದೆಯಲ್ಲಪ್ಪಾ."

"ಬರ್ದಿದ್ನ ಅಳ್ಸಿ ಮತ್ತೆ."

ಸ್ಟಾಕ್ ರಿಜಿಸ್ಟರಿನಲ್ಲಿ ಅಳಿಸುವುದು ಎಂಬ ಮಾತು ಕೇಳಿ ಗೋಪಾಲಸ್ವಾಮಿಯವರು ಎರಡೂ ಕಿವಿ ಮುಚ್ಚಿಕೊಂಡರು. ನಾನು ಅವರ ಕೋಣೆಯ ಬಾಗಿಲು ಹಾಕಿ ಒಂದು ಗಂಟೆ ಜಗಳವಾಡಿದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಗೆಲ್ಲಬಹುದಿತ್ತು. "ನಾನು ತಪ್ಪು ಮಾಡಿದೆ ಕಣಮ್ಮಾ, ಒಪ್ಪಿದೆ. ಆದರೆ ಹೆದರಿಕೊಂಡು ಮಾಡಿದ ತಪ್ಪನ್ನ ಧೈರ್ಯವಾಗಿ ತಿದ್ದೋದು ನನ್ನ ಕೈಲಿ ಆಗಲ್ಲ. ಕಚೇರಿಗೆ ಬರೆಯೋಣ" ಎಂದರು. ಬರೆದೆವು.

ಹನುಮಯ್ಯ ಮತ್ತೆ ಬಂದ. ಮತ್ತೂ ಬಂದ. ಅಷ್ಟರಲ್ಲಿ ಅವನ ಕಣ ಮುಗಿದು ರಾಶಿ ಆಗಿತ್ತು. ಹೊಸ ರಾಗಿ ಚೀಲದಲ್ಲಿ ಬಾಯಿ ಕಟ್ಟಿಕೊಂಡು ಕೂತಿತ್ತು, ಮನೆಯವರು ಹೋದ ವರ್ಷದ ಹುಳು ಬಿದ್ದ ರಾಗಿಯನ್ನು ಕೇರಿ ಕೇರಿ ಉಣ್ಣುತ್ತಿದ್ದರು. ಇಲ್ಲಿಗೇ ತಂದು ಎಡೆ ಇಡಿ ಎಂದು ನಾನೊಂದು ಪೆದ್ದು ಮಾತು ಹೇಳಿದೆ. "ಅವ್ನು ಹೊಲ ನೋಡ್ಕಂಡು ನಿಂತೋನು ಮೇಷ್ಟ್ರಮ್ಮ. ಇಲ್ಲಿ ಗ್ವಾಡೆ ನೋಡ್ಕಂಡು ನಿಂತವ್ನೆ" ಎಂದ ಹನುಮಯ್ಯ. ನಿಜ. ಕಲ್ಲನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು, ಜವಾನ ಕೆಂಚಪ್ಪ ಪೊರಕೆ ಒರಗಿಸಲು ಅನುಕೂಲವಾಗಲಿ ಎಂದು. ನಾನು ಕೆಂಚಪ್ಪನ ಮೇಲೆ ಹರಿಹಾಯ್ದೆ. ಅವನು ಪಾಪ ಪೊರಕೆಯನ್ನು ಗ್ಲೋಬಿಗೆ ಒರಗಿಸಿದ.

ಜನವರಿ ಕೊನೆಯ ವಾರ ಭಾಗಮ್ಮ ಶಾಲೆಗೆ ಬರಲಿಲ್ಲ. ಜ್ವರವೇನೋ ಎಂದುಕೊಂಡು ಸಂಜೆ ಅವರ ಮನೆಗೆ ಹೋದೆ. ಅವಳು ಹಟ್ಟಿಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಮಾತಾಡಿದ್ದು ಹನುಮಯ್ಯ.

"ನಿಮ್ಮ ಮ್ಯಾಲೆ ನಂಗೆ ಸಿಟ್ಟಿಲ್ಲ ಮೇಷ್ಟ್ರಮ್ಮ. ಆದ್ರೆ ನಮ್ಮದೊಂದು ನಿಮ್ಮ ಸ್ಕೂಲಲ್ಲಿ ಐತೆ. ಅದು ವಾಪಸ್ ಬರೋಗಂಟ ನಮ್ಮದು ಇನ್ನೊಂದು ಅಲ್ಲಿಗೆ ಬರಾಕಿಲ್ಲ."

"ಮಾರ್ಚಿಯಲ್ಲಿ ಪರೀಕ್ಷೆ ಇದೆ ಹನುಮಯ್ಯ. ಹಾಜರಿ ಕಮ್ಮಿ ಆದರೆ ಕೂರಿಸೋದೇ ಇಲ್ಲ. ಹತ್ತು ವರ್ಷ ಓದಿದ್ದು ನೀರಲ್ಲಿ ಹೋಗುತ್ತೆ."

"ನಮ್ಮೂರಾಗೆ ಪರೀಕ್ಸೆ ಪಾಸಾಗ್ದೆ ಬದ್ಕಿರೋರು ಬೇಕಾದಷ್ಟು ಜನ ಅವ್ರೆ. ಈರಪ್ಪನ್ನ ಬಿಟ್ಟು ಹೊಸ ರಾಗಿ ಉಂಡೋರು ಒಬ್ರೂ ಇಲ್ಲ" ಎಂದ.

ನನ್ನ ಮಾತು ಕೊಟ್ಟಿದ್ದೆ, ಉಳಿಸಿಕೊಳ್ಳಲಿಲ್ಲ. ಹಾಗೆಂದು ಹುಡುಗಿಯ ಪರೀಕ್ಷೆಯನ್ನು ಕಲ್ಲಿಗೆ ಗಂಟು ಹಾಕುತ್ತಾರೆಯೇ? ಮುದುಕಿಯ ಮೇಲೂ, ಹನುಮಯ್ಯನ ಮೇಲೂ, ಗೋಪಾಲಸ್ವಾಮಿಯವರ ಮೇಲೂ, ಇನ್‌ಸ್ಪೆಕ್ಟರ ಕಾಫಿಯ ಮೇಲೂ ಸಿಟ್ಟು ಬಂತು. ಭಾಗಮ್ಮ ಬಾಗಿಲವರೆಗೆ ಬಂದಳು. "ಬಲಗಡೆ ಪುಟ ನಾನು ಬರೀಬಾರ್ದಾಗಿತ್ತಾ ಮಿಸ್?" ಎಂದು ಮೆಲ್ಲಗೆ ಕೇಳಿದಳು. ಹುಚ್ಚು ಹುಡುಗಿ, ಸುಮ್ಮನೆ ಮನೆಯಲ್ಲೇ ಓದಿಕೋ ಎಂದು ಗದರಿದೆ. ಗದರದೆ ಇದ್ದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಕಚೇರಿಯಿಂದ ಉತ್ತರವಿಲ್ಲ. ಫೆಬ್ರವರಿಯಲ್ಲಿ ಎಲೆಕ್ಷನ್ನು ಬಂತು, ಕಚೇರಿಯವರೆಲ್ಲ ಅದರ ಹಿಂದೆ ಬಿದ್ದರು. ನಮ್ಮ ಸಮಾಜ ಪಾಠದ ಕೊಠಡಿಯೇ ಮತಗಟ್ಟೆಯಾಯಿತು. ಆವತ್ತು ಯಾರನ್ನೂ ಒಳಗೆ ಬರಬೇಡ ಎನ್ನುವ ಅಧಿಕಾರ ಗೋಪಾಲಸ್ವಾಮಿಯವರಿಗಿರಲಿಲ್ಲ. ಹುಣಸೇಕಟ್ಟೆಯ ಹೆಂಗಸರೆಲ್ಲ ಮೊದಲು ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು ಆಮೇಲೆ ಓಟು ಹಾಕಿದರು. ಅರಸೀಕೆರೆಯಿಂದ ಬಂದಿದ್ದ ಮತಗಟ್ಟೆಯ ಅಧಿಕಾರಿ, ಇದು ಯಾವ ಪಕ್ಷದ ಗುರುತು, ಹೊರಗೆ ಹಾಕಿ ಎಂದು ಕೂಗಾಡಿದ. ಪಕ್ಷದ್ದಲ್ಲ ಸಾರ್, ಪಾಠೋಪಕರಣ ಎಂದು ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಹನುಮಕ್ಕ ಸರದಿಯಲ್ಲಿ ಬಂದು, ಬೆರಳಿಗೆ ಶಾಯಿ ಹಾಕಿಸಿಕೊಂಡು, ಆ ಬೆರಳಿನಲ್ಲೇ ಕಲ್ಲನ್ನು ಮುಟ್ಟಿ, "ಇನ್ನೊಂದೀಟು ದಿನ ತಡ್ಕಳಪ್ಪ" ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮಾರ್ಚಿ ಮೊದಲನೇ ವಾರ ಉತ್ತರ ಬಂತು. ಗೋಪಾಲಸ್ವಾಮಿಯವರು ಓದಿ, ಸಂತೋಷದಿಂದ ಕನ್ನಡಕ ತೆಗೆದು ಒರೆಸಿಕೊಂಡರು. ದಾಸ್ತಾನಿನಲ್ಲಿರುವ ಪಾಠೋಪಕರಣವನ್ನು ಖಾಸಗಿಯವರಿಗೆ ಕೊಡಲು ಅವಕಾಶವಿಲ್ಲ. ಆದರೆ ಉಪಕರಣವು ಒಡೆದುಹೋಗಿದ್ದು ಪಾಠಕ್ಕೆ ಉಪಯೋಗವಿಲ್ಲವೆಂದು ಆಯಾ ವಿಷಯದ ಉಪಾಧ್ಯಾಯರು ಸ್ವಹಸ್ತದಿಂದ ದೃಢೀಕರಿಸಿದಲ್ಲಿ ದಾಸ್ತಾನಿನಿಂದ ತೆಗೆದುಹಾಕಬಹುದು.

"ಒಂದು ಮೂಲೆ ಒಡೆದೇ ಇದೆಯಲ್ಲಮ್ಮಾ" ಎಂದರು. "ಬರಿ. ಭಗ್ನವಾಗಿದೆ, ಚರಿತ್ರೆ ಪಾಠಕ್ಕೆ ಉಪಯೋಗವಿಲ್ಲ. ಸಹಿ ಮಾಡು. ಸಂಜೆಯೇ ಗಾಡಿ ತರಿಸೋಣ."

ಪೆನ್ನು ತೆಗೆದುಕೊಂಡೆ. ‘ಭಗ್ನವಾಗಿದೆ’ ಎಂದು ಬರೆದೆ, ಅದು ನಿಜವೇ. ಅದರ ಮುಂದೆ ಕೈ ಓಡಲಿಲ್ಲ. ಆರು ನೂರು ವರ್ಷ ಹೊಲದಲ್ಲಿ ನಿಂತು, ಆ ಒಂದು ವಾಕ್ಯದ ಒಳಗೆ ಏನಿತ್ತು ಎಂದು ಇಪ್ಪತ್ತಾರು ಮಕ್ಕಳಿಗೆ ತೋರಿಸಿದ ಕಲ್ಲು. ಅದರಷ್ಟು ಚರಿತ್ರೆ ನಾನು ಯಾವತ್ತೂ ಕಲಿಸಿದ್ದಿಲ್ಲ. ಬೇಕಾದರೆ ‘ಮಾಲೀಕರಿಗೆ ಹಿಂದಿರುಗಿಸಿದೆ’ ಎಂದು ಬರೆಯುತ್ತೇನೆ ಸಾರ್ ಎಂದೆ. ಹಾಗೆ ಬರೆದರೆ ಮಾಲೀಕರದ್ದನ್ನು ದಾಸ್ತಾನಿಗೆ ಸೇರಿಸಿದ್ದು ಯಾಕೆ ಎಂದು ಕೇಳುತ್ತಾರೆ ಎಂದರು. ‘ಸ್ಥಳಾವಕಾಶವಿಲ್ಲ’ ಎಂದು ಬರೆಯಲೇ ಎಂದೆ. ಕಾಗದದಲ್ಲಿ ಆ ಕಾರಣ ಹೇಳಿಲ್ಲ ಎಂದರು. ಎರಡು ದಿನ ಹೀಗೆ ಹಗ್ಗ ಜಗ್ಗಾಡಿದೆವು. ಮೂರನೇ ದಿನ ಅವರು ಹಾಜರಿ ಪುಸ್ತಕ ತೆಗೆದು ಭಾಗಮ್ಮನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟರು. ಶನಿವಾರದೊಳಗೆ ಬಂದರೆ ಹಾಜರಿ ಕೂಡಿಸಿ ಹಾಲ್ ಟಿಕೆಟ್ ಕೊಡಬಹುದಿತ್ತು. ಆಮೇಲೆ ಬ್ರಹ್ಮ ಬಂದರೂ ಆಗುತ್ತಿರಲಿಲ್ಲ.

ಬರೆದೆ. ‘ಚರಿತ್ರೆ ಪಾಠಕ್ಕೆ ಉಪಯೋಗವಿಲ್ಲ. ವೇದವಲ್ಲಿ, ಸಹಾಯಕ ಉಪಾಧ್ಯಾಯಿನಿ.’

ಶುಕ್ರವಾರ ಹನುಮಯ್ಯ ಗಾಡಿ ತಂದ, ಜೊತೆಗೆ ಭಾಗಮ್ಮನೂ ಬಂದಿದ್ದಳು. ಕೆಂಚಪ್ಪ ಮತ್ತು ಮೂರು ಜನ ಸೇರಿ ಕಲ್ಲನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿದರು. ಗೋಪಾಲಸ್ವಾಮಿಯವರು ರಿಜಿಸ್ಟರ್ ತಂದು, ನಿರುಪಯುಕ್ತ ವಸ್ತುವನ್ನು ಸಾಗಿಸಿದವರು ಎಂಬ ಕಡೆ ಹೆಬ್ಬೆಟ್ಟು ಒತ್ತು ಎಂದರು.

ಹನುಮಯ್ಯ ಒತ್ತಲಿಲ್ಲ. "ಹೋದ ಸಲ ಏನ್ ಬರ್ದವ್ರೆ ಅಂತ ಕೇಳ್ದೆ ತಂದು ಇಳಿಸ್ದೆ. ಈ ಸಲ ಓದ್ಸಿ ಒತ್ತೀನಿ" ಎಂದು ಮಗಳನ್ನು ಕರೆದ. ಬೇಡ, ನಾನು ಓದುತ್ತೇನೆ ಎಂದು ಕೈ ಚಾಚಿದೆ. ಆಗಲೇ ರಿಜಿಸ್ಟರ್ ಅವಳ ಕೈಯಲ್ಲಿತ್ತು.

ಭಾಗಮ್ಮ ಕ್ಲಾಸಿನಲ್ಲಿ ಓದುವ ಹಾಗೆಯೇ ಸ್ಪಷ್ಟವಾಗಿ ಓದಿದಳು. "ಕ್ರಮಸಂಖ್ಯೆ ನಲವತ್ತೇಳು. ಕಲ್ಲು, ಕೆತ್ತನೆಯದು, ಒಂದು. ಭಗ್ನವಾಗಿದೆ. ಚರಿತ್ರೆ ಪಾಠಕ್ಕೆ ಉಪಯೋಗವಿಲ್ಲ." ಅಷ್ಟು ಓದಿ ನಿಲ್ಲಿಸಿದಳು. ಸಹಿಯನ್ನು ಓದಲಿಲ್ಲ. ಓದಬೇಕಾಗಿರಲಿಲ್ಲ, ನನ್ನ ಅಕ್ಷರ ಅವಳ ನೋಟ್‌ಪುಸ್ತಕದ ತುಂಬ ಕೆಂಪು ಶಾಯಿಯಲ್ಲಿತ್ತು.

ಹನುಮಯ್ಯನಿಗೆ ಇದರಿಂದ ಏನೂ ಅನ್ನಿಸಲಿಲ್ಲ. "ಸರಿಯಾಗೇ ಬರ್ದವ್ರೆ. ಅವ್ನೇನು ಪಾಠಕ್ಕೆ ಅಂತ ನಿಂತೋನಾ?" ಎಂದು ನಕ್ಕು ಹೆಬ್ಬೆಟ್ಟು ಒತ್ತಿದ. ಭಾನುವಾರ ಹೊಸ ರಾಗಿ ಮುದ್ದೆಗೆ ನೀವೂ ಬರಬೇಕು ಎಂದು ಕರೆದ. ನಾವು ಬೇರೆಯವರ ಮನೆಯಲ್ಲಿ ಉಣ್ಣುವುದಿಲ್ಲ ಎಂದು ಗೊತ್ತಿದ್ದೂ ಕರೆದ, ಅದು ಅವನ ದೊಡ್ಡತನ. ಗಾಡಿ ಹೊರಟಿತು. ಶನಿವಾರ ಭಾಗಮ್ಮ ಮೊದಲನೇ ಬೆಂಚಿನಲ್ಲಿ ಕೂತಿದ್ದಳು, ಹಾಲ್ ಟಿಕೆಟ್ ಸಿಕ್ಕಿತು.

ಅವಳು ಪಾಸಾದಳು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಹಾಸನದಲ್ಲಿ ಟ್ರೈನಿಂಗಿಗೂ ಸೇರಿದಳು, ನನ್ನ ಹಾಗೆ ಮೇಷ್ಟರಾಗಲು. ನಾನು ಹೇಳಬೇಕಾಗಿರುವುದು ಪರೀಕ್ಷೆಯ ದಿನದ ಮಾತು. ನಮ್ಮ ಮಕ್ಕಳಿಗೆ ಬೇಲೂರಿನಲ್ಲಿ ಪರೀಕ್ಷಾ ಕೇಂದ್ರ ಬಿದ್ದಿತ್ತು. ಚರಿತ್ರೆ ಪತ್ರಿಕೆ ಮುಗಿಯುವ ಹೊತ್ತಿಗೆ ನಾನು ಹೊರಗೆ ಹೊಂಗೆ ಮರದ ಕೆಳಗೆ ಕಾಯುತ್ತಿದ್ದೆ. ಮೊದಲು ಬಂದ ಮರಿಯಣ್ಣನ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ತುಕೊಂಡು ನೋಡಿದೆ. ನಾಲ್ಕನೇ ಪ್ರಶ್ನೆ: ‘ಸುಲ್ತಾನನ ದಕ್ಷಿಣದ ದಂಡಯಾತ್ರೆ ಮತ್ತು ಅದರಿಂದ ದಕ್ಷಿಣದ ಜನರ ಮೇಲಾದ ಪರಿಣಾಮವನ್ನು ವಿವರಿಸಿ.’

ಜನರ ಮೇಲಾದ ಪರಿಣಾಮ. ಹತ್ತು ಅಂಕ. ಎಂದೂ ಕೇಳದಿದ್ದವರು ಆ ವರ್ಷ ಕೇಳಿಬಿಟ್ಟಿದ್ದರು. ಇಡೀ ರಾಜ್ಯದಲ್ಲಿ ಈ ಪ್ರಶ್ನೆಗೆ ನನ್ನ ಇಪ್ಪತ್ತಾರು ಮಕ್ಕಳಷ್ಟು ಚೆನ್ನಾಗಿ ಉತ್ತರ ಬರೆಯುವವರು ಯಾರಿದ್ದರು?

ಭಾಗಮ್ಮ ಹೊರಗೆ ಬಂದಳು. "ನಾಲ್ಕನೇದು ಬರೆದೆಯಾ?" ಎಂದೆ.

"ಬರ್ದೆ ಮಿಸ್. ಎಡಗಡೆ ಪುಟದ್ದು ಒಂದೇ ವಾಕ್ಯ ಇತ್ತು, ಅದನ್ನ ಬರ್ದೆ."

"ಬಲಗಡೆದು?"

ಅವಳು ನನ್ನ ಮುಖವನ್ನೇ ನೋಡಿದಳು. ಚುಚ್ಚುವ ಹುಡುಗಿಯಲ್ಲ ಅವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು.

"ಅದು ಪಾಠಕ್ಕೆ ಉಪಯೋಗ ಇಲ್ಲ ಅಂತ ನೀವೇ ಬರ್ದಿದ್ರಲ್ಲ ಮಿಸ್" ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕುವ ಕಷ್ಟ ಈ ಸಲ ಇರಲಿಲ್ಲ. ಹುಣಸೇಕಟ್ಟೆಯ ಬಸ್ಸು ಬಂತು, ಮಕ್ಕಳನ್ನು ಎಣಿಸಿ ಹತ್ತಿಸಿದೆ.